ಚುಕ್ಕಿ ಮೇಡಂ ಮತ್ತು ಇಪ್ಪತ್ತು ನಿಮಿಷ

ಗಿರಾಕಿಯ ಮುಖ ನೋಡಿ ಮೋಸಹೋದ ವ್ಯಾಪಾರಿಗಳುಂಟು, ಕಾಲು ನೋಡಿ ಮೋಸಹೋದವರು ಕಡಿಮೆ. ಚುಕ್ಕಿ ಮೇಡಂ ಕಂಪ್ಯೂಟರ್ ಕೀಬೋರ್ಡ್ ಅಂಗಡಿಯ ಮೆಟ್ಟಿಲನ್ನು ಮೊದಲ ಸಲ ಹತ್ತಿದಾಗ ಕಂಡದ್ದು ಇಷ್ಟು: ಎಡಗಾಲಿಗಿಂತ ಬಲಗಾಲಿನ ಹಿಮ್ಮಡಿ ಹೆಚ್ಚು ಸವೆದ ಕಪ್ಪು ಬೂಟು, ಹಿಡಿಯನ್ನು ಎರಡು ಸಲ ಹೊಲಿಸಿದ ಚೀಲ, ಬೇರೆ ಯಾರೋ ಗುಂಡಿ ಹಾಕಿಕೊಟ್ಟಂತೆ ಕತ್ತಿನವರೆಗೂ ಬಿಗಿದ ಕೋಟು. ವಯಸ್ಸು ಐವತ್ನಾಲ್ಕು, ಹೆಚ್ಚೆಂದರೆ ಐವತ್ತೈದು. ತೂಕ, ಕೋಟು ಬಿಟ್ಟು, ನಲವತ್ತೈದು ಕಿಲೋ. ಚೌಕಾಸಿ ಗೊತ್ತಿಲ್ಲ, ಅವಸರ ಇಲ್ಲ. ಇಂಥವರು ಒಂದೋ ದಾರಿ ಕೇಳಲು ಬಂದಿರುತ್ತಾರೆ, ಇಲ್ಲವೇ ಬಿಸಿಲಿಗೆ ಹೆದರಿ ಹತ್ತು ನಿಮಿಷ ನೆರಳಿಗೆ ನಿಂತಿರುತ್ತಾರೆ.

ಎರಡು ಲೆಕ್ಕವೂ ತಪ್ಪಾಯಿತು. ಅವರು ಅಂಗಡಿಯಲ್ಲಿದ್ದ ನಲವತ್ತೊಂದು ಕೀಬೋರ್ಡುಗಳನ್ನೂ ಒಂದೊಂದಾಗಿ ಮುಟ್ಟಿ, ಒತ್ತಿ, ಕಿವಿಗೊಟ್ಟು ಕೇಳಿ, ಪಕ್ಕಕ್ಕೆ ಸರಿಸಿದರು.

"ಇದ್ಯಾಕೆ ಬೇಡ ಮೇಡಂ?" ಎಂದ ಅಂಗಡಿಯವನು.

"ಕೀ ಗಟ್ಟಿ."

"ಇದು?"

"ಇದು ತೀರಾ ಮೆತ್ತಗೆ. ಒತ್ತಿದ್ನೋ ಇಲ್ವೋ ಅಂತ ಅದನ್ನೇ ಕೇಳ್ಬೇಕು."

"ಗಂಡು ನೋಡೋಕೂ ಜನ ಇಷ್ಟು ತಲೆ ಕೆಡಿಸ್ಕೊಳ್ಳಲ್ಲ ಮೇಡಂ."

"ಅದಕ್ಕೇ ಆ ಕೆಲಸ ಆಗ್ಲಿಲ್ಲ. ಅಲ್ಲೂ ನಲವತ್ತೊಂದು ನೋಡಬೇಕಿತ್ತು, ನಾನು ಎರಡಕ್ಕೇ ಸುಸ್ತಾದೆ."

ಈ ಸಾಲುಗಳನ್ನು ಬರೆಯುತ್ತಿರುವವನೇ ಆ ಅಂಗಡಿಯವನು. ಆದರೆ ಕಥೆ ಅವನದಲ್ಲ. ಆದ್ದರಿಂದ ಅವನು ಅಂಗಡಿಯವನಾಗಿಯೇ ಗಲ್ಲೆಯ ಹಿಂದೆ ಕೂತಿರಲಿ.

ಚುಕ್ಕಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಎದುರಿನ ಬಸ್ ಡಿಪೋದವರು ಇಟ್ಟದ್ದು. ಡಿಪೋದ ಮಹಡಿಯಲ್ಲಿ, ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ, ಡೀಸೆಲ್ ವಾಸನೆ ಮೇಜಿನ ಖಾನೆಯೊಳಗೂ ಇಳಿದಿರುವ ಒಂದು ಕೋಣೆ. ಅಲ್ಲಿ ಕೂತು ಇಪ್ಪತ್ತಾರು ವರ್ಷ ಅವರು ಒಂದೇ ಪ್ರೋಗ್ರಾಮನ್ನು ಸಾಕಿದರು: ನಾಳೆ ಯಾವ ಬಸ್ಸು ಯಾವ ರೂಟಿಗೆ, ಯಾವ ಡ್ರೈವರ್ ಯಾವ ಬಸ್ಸಿಗೆ, ಯಾರಿಗೆ ರಜೆ, ಯಾರ ಹೆಂಡತಿಗೆ ಹೆರಿಗೆ ಎಂದು ಯಾರ ಪಾಳಿ ಬದಲು. ಅದು ಚಪ್ಪಾಳೆ ಇಲ್ಲದ ಕಸುಬು. ಸರಿಯಾಗಿ ನಡೆದರೆ ಯಾರ ನೆನಪಿಗೂ ಬರುವುದಿಲ್ಲ. ಒಂದು ದಿನ ಕೆಟ್ಟರೆ ಇಡೀ ಊರಿಗೇ ನೆನಪಾಗುತ್ತದೆ.

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಅವರು ಕಿಟಕಿಯಿಂದ ಕೆಳಗೆ ನೋಡುತ್ತಿದ್ದರು. ಒಂದು ಬಸ್ಸು, ಒಂದೇ ಬಾಗಿಲು, ನೂರು ಜನ. ತಳ್ಳುವವನು, ತಳ್ಳಿಸಿಕೊಳ್ಳುವವನು, ಗೋಡೆ ಹಿಡಿದು ಸುತ್ತಿಬಂದು ಪಕ್ಕದಿಂದ ನುಸುಳುವವನು. ಅವರು ಬ್ರೆಡ್ಡಿನ ಚೂರನ್ನು ಕೆಳಗಿಟ್ಟು ಒಂದು ಆಟದ ಪ್ರೋಗ್ರಾಮ್ ಬರೆದರು. ಕಪ್ಪು ಪರದೆ, ಬಲಕ್ಕೊಂದು ಬಾಗಿಲು, ನೂರಿಪ್ಪತ್ತು ಚುಕ್ಕಿಗಳು. ಪ್ರತಿ ಚುಕ್ಕಿಗೂ ತಿಳಿದಿರುವುದು ಎರಡೇ ವಿಷಯ: ಬಾಗಿಲ ಕಡೆ ಹೋಗು, ಇನ್ನೊಬ್ಬನ ತೀರ ಹತ್ತಿರ ನಿಲ್ಲಬೇಡ. ಅಷ್ಟೇ.

ಆದರೆ ಓಡಿಸಿದಾಗ ಅವರು ಬರೆಯದೇ ಇದ್ದದ್ದೆಲ್ಲ ಪರದೆಯ ಮೇಲೆ ಬಂತು. ಚುಕ್ಕಿಗಳು ನುಗ್ಗಿದವು, ಸಿಕ್ಕಿಕೊಂಡವು, ಒಂದು ಸುತ್ತುಹಾಕಿ ಪಕ್ಕದಿಂದ ನುಸುಳಿತು, ಇನ್ನೊಂದು ಎಲ್ಲರಿಗೂ ದಾರಿ ಬಿಟ್ಟು ಬಿಟ್ಟು ಕೊನೆಗೆ ತಾನೇ ಉಳಿಯಿತು. ಚುಕ್ಕಿ ಮೇಡಂ ಒಬ್ಬರೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಕೇಳಿ ಡ್ರೈವರುಗಳು ಮೆಟ್ಟಿಲು ಹತ್ತಿ ಬಂದರು.

"ಲೋ, ಈ ಚುಕ್ಕಿ ನೋಡ್ರೋ, ಥೇಟ್ ನಮ್ಮ ಸೂಪರ್‌ವೈಸರ್. ಮುಂದೆ ಹೋಗಲ್ಲ, ಬೇರೆಯವರನ್ನೂ ಬಿಡಲ್ಲ!"

"ಇದರಿಂದ ಉಪಯೋಗ ಏನು ಮೇಡಂ?"

"ಏನೂ ಇಲ್ಲ."

"ಮತ್ತೆ ಯಾಕೆ ಬರೆದ್ರಿ?"

"ನೀನು ಈಗ ಯಾಕೆ ನಕ್ಕೆ?" ಎಂದರು ಅವರು. ಅಂದಿನಿಂದ ಅವರು ಚುಕ್ಕಿ ಮೇಡಂ.

ಇಂಥ ಉಪಯೋಗವಿಲ್ಲದ ಪ್ರೋಗ್ರಾಮುಗಳನ್ನು ಬರೆದು ಖುಷಿಪಡುವವರು ಲೋಕದಲ್ಲಿ ಅವರೊಬ್ಬರೇ ಅಲ್ಲ. ವರ್ಷಕ್ಕೊಮ್ಮೆ ಅಂಥವರದೊಂದು ಸಮ್ಮೇಳನ ನಡೆಯುತ್ತದೆ. ಮುಚ್ಚಿಹೋದ ಕ್ಲಬ್ಬೊಂದರ ಒಳಾಂಗಣ ಈಜುಕೊಳ ಅಗ್ಗಕ್ಕೆ ಸಿಕ್ಕಿದ್ದರಿಂದ ಅದೇ ಅವರ ಸಭಾಂಗಣ. ನೀರಿಲ್ಲದ ಕೊಳದ ಇಳಿಜಾರಿನಲ್ಲಿ ಇನ್ನೂರು ಕುರ್ಚಿ. ಆಳದ ತುದಿಯಲ್ಲಿ ಮೇಜು, ಕಂಪ್ಯೂಟರು. ಜಿಗಿಯುವ ಹಲಗೆಯಿಂದ ಇಳಿಬಿಟ್ಟ ಬಿಳಿ ಪರದೆ. ಅಲ್ಲಿ ಮಾತಾಡುವವರೆಲ್ಲ ಹೊಟ್ಟೆಪಾಡಿಗೆ ಬೇರೆ ಏನೋ ಮಾಡುವವರು. ಹಲ್ಲಿನ ಎಕ್ಸ್‌ರೇಯಿಂದ ಸಂಗೀತ ಹೊರಡಿಸುವ ದಂತವೈದ್ಯ. ಬರೆದ ಸಾಲುಗಳೇ ಮೀನಿನ ಆಕಾರದಲ್ಲಿದ್ದು, ಓಡಿಸಿದರೆ ಪುನಃ ಅದೇ ಮೀನನ್ನು ಅಚ್ಚುಹಾಕುವ ಪ್ರೋಗ್ರಾಮ್ ಕಟ್ಟಿದ ಗಣಿತದ ಟೀಚರ್. ಚದುರಂಗದಲ್ಲಿ ಬೇಕೆಂದೇ ಸೋಲುವ ಪ್ರೋಗ್ರಾಮ್ ಬರೆದ ಅಣ್ಣತಮ್ಮಂದಿರು. ಸೋಲುವುದರಲ್ಲಿ ಅದನ್ನು ಸೋಲಿಸಿದವರು ಇನ್ನೂ ಹುಟ್ಟಿಲ್ಲ.

ಸಮ್ಮೇಳನದ ಕಟ್ಟಳೆಗಳು ನಾಲ್ಕು. ಖಾಲಿ ಪರದೆಯಿಂದ ಶುರು ಮಾಡಬೇಕು, ಮೊದಲೇ ಬರೆದು ತಂದದ್ದನ್ನು ಸುರಿಯುವಂತಿಲ್ಲ. ಪ್ರತಿ ಅಕ್ಷರವನ್ನೂ ಸ್ವಂತ ಕೈಯಿಂದ ಎಲ್ಲರೆದುರು ಬರೆಯಬೇಕು. ಇಪ್ಪತ್ತು ನಿಮಿಷ. ಓಡಿಸುವುದು ಒಂದೇ ಸಲ. ಇವಿಷ್ಟನ್ನು ಕಾಯಲು ಹಿತ್ತಾಳೆಯ ಗಂಟೆ ಹಿಡಿದು ಕೂರುವ ನಿವೃತ್ತ ಲೈಬ್ರರಿಯನ್ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಗಂಟೆ ತಾತ ಎನ್ನುತ್ತಾರೆ. ಪ್ರೋಗ್ರಾಮ್ ಓಡಿದರೆ ಚಪ್ಪಾಳೆ. ಬಿದ್ದರೆ ಅಯ್ಯೋ ಪಾಪ ಎನ್ನುವ ಪದ್ಧತಿಯಿಲ್ಲ, ಇನ್ನೂರು ಜನ ಒಟ್ಟಿಗೆ "ಎಷ್ಟನೇ ಸಾಲು?" ಎಂದು ಕೂಗುತ್ತಾರೆ. ಬಿದ್ದವರು ತಪ್ಪು ಯಾವ ಸಾಲಿನಲ್ಲಿ ಎಂದು ಅಲ್ಲೇ ಹುಡುಕಿ ಹೇಳಬೇಕು, ತಾತ ಅದನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಪುಸ್ತಕದಲ್ಲಿ ಹೆಸರಿರುವುದೂ ಒಂದು ಮರ್ಯಾದೆ ಎಂದು ಅವರಲ್ಲಿ ಮಾತುಂಟು. ಬೀಳದವರು ಹೇಳುವ ಮಾತು ಅದು.

ಚುಕ್ಕಿ ಮೇಡಂ ನಾಲ್ಕು ವರ್ಷ ಅರ್ಜಿ ಹಾಕಿದರು, ನಾಲ್ಕು ವರ್ಷವೂ ಬೇರೆಯವರ ಹೆಸರು ಬಂತು. ಐದನೆಯ ವರ್ಷ ಪತ್ರ ಬಂದಾಗ ಅದನ್ನು ಒಡೆಯಲು ಅಕ್ಕನನ್ನು ಕರೆಯಬೇಕಾಯಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಮಾಡಿದವನು ಇಂಥದ್ದೊಂದನ್ನು ಕಂಡೇ ಮಾಡಿರಬೇಕು. ಅಷ್ಟರಲ್ಲಿ ಅವರ ಬಲಗೈ ಹೋಗಿತ್ತು.

ಶುರುವಾದದ್ದು ಕಿರುಬೆರಳಿನಿಂದ. ಒಂದು ಅಕ್ಷರ ಒತ್ತಿದರೆ ಮೂರು ಬೀಳತೊಡಗಿದವು. ಕೀಬೋರ್ಡ್ ಕೆಟ್ಟಿದೆ ಎಂದುಕೊಂಡು ಎರಡು ಬದಲಾಯಿಸಿದರು. ನಂತರ ಲೋಟದಲ್ಲಿ ಟೀ ಕೂಡ ಅಲೆ ಎಬ್ಬಿಸತೊಡಗಿದಾಗ ಡಾಕ್ಟರ ಬಳಿ ಹೋದರು. ಡಾಕ್ಟರು ಉದ್ದನೆಯ ಹೆಸರೊಂದನ್ನು ಹೇಳಿ, ನಿಧಾನಕ್ಕೆ ಬರುವ ಕಾಯಿಲೆ, ಆದರೆ ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುವಂಥದ್ದಲ್ಲ ಎಂದರು. ಮಾತ್ರೆ ನುಂಗಿದ ಅರ್ಧ ಗಂಟೆಗೆ ಕೈ ನಿಲ್ಲುತ್ತಿತ್ತು. ನಲವತ್ತು ನಿಮಿಷ ಹಾಗೇ ಇದ್ದು ಆಮೇಲೆ ಮೊದಲಿಗಿಂತ ಕೆಟ್ಟದಾಗಿ ನಡುಗುತ್ತಿತ್ತು. ಡಿಪೋದಿಂದಲೂ ಒಂದು ಕಾಗದ ಬಂದಿತ್ತು: ವರ್ಷದ ಕೊನೆಯಿಂದ ಪಾಳಿ ಪಟ್ಟಿಗೆ ಮುಖ್ಯ ಕಚೇರಿಯ ಹೊಸ ಪ್ರೋಗ್ರಾಮ್, ಮೇಡಂಗೆ ಕೆಳಗಡೆ, ಬಸ್ಸಿನಲ್ಲಿ ಜನ ಬಿಟ್ಟುಹೋದ ಕೊಡೆ, ಚೀಲ ಇಟ್ಟುಕೊಳ್ಳುವ ಕೌಂಟರಿನಲ್ಲಿ ಒಂದು ಕುರ್ಚಿ.

ಮನೆಯಲ್ಲಿದ್ದವರು ಅವರು ಮತ್ತು ಅಕ್ಕ, ಇಬ್ಬರೇ. ಮೂರನೇ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಅಕ್ಕನ ಹೊಲಿಗೆ ಯಂತ್ರ ಮತ್ತು ಊರವರ ಕಿಟಕಿ ಪರದೆಗಳು, ಇನ್ನೊಂದರಲ್ಲಿ ಉಳಿದದ್ದೆಲ್ಲ. ಬೆಳಿಗ್ಗೆ ತಂಗಿಯ ಕೋಟಿನ ಗುಂಡಿ ಹಾಕುವುದು ಅಕ್ಕನ ಕೆಲಸವಾಗಿತ್ತು, ಗುಂಡಿಗೊಂದು ಮಾತು ಅಕ್ಕನ ಹಕ್ಕಾಗಿತ್ತು.

"ಮೊದಲು ಗುಂಡಿ ಹಾಕೋ ಪ್ರೋಗ್ರಾಮ್ ಬರಿಯೇ. ಆಮೇಲೆ ಚುಕ್ಕಿ."

"ಗುಂಡಿಗೆ ನೀನಿದ್ದೀಯಲ್ಲಕ್ಕಾ."

"ನಾನು ಸತ್ತರೆ?"

"ಜಿಪ್ ಹಾಕಿಸ್ಕೋತೀನಿ."

ಸಮ್ಮೇಳನದ ಪತ್ರ ಓದಿ ಮುಗಿಸಿದ ಅಕ್ಕ ಅದನ್ನು ಮಡಚಿಟ್ಟಳು. "ಈಗಂತೂ ಬಾಯಲ್ಲಿ ಹೇಳಿದ್ರೆ ಮೆಷಿನ್ನೇ ಪ್ರೋಗ್ರಾಮ್ ಬರೆದುಕೊಡುತ್ತಂತೆ. ನೀನ್ಯಾಕೆ ಒದ್ದಾಡಬೇಕು?"

"ಹಸಿವು ನನ್ನದು ಅಕ್ಕಾ. ಊಟಕ್ಕೆ ಇನ್ನೊಬ್ಬರನ್ನ ಕಳಿಸ್ಲಾ?"

ಹಾಗಂತ ಅವರು ಮೊಂಡುಬಿದ್ದು ಕೂತವರಲ್ಲ. ಗಂಟೆ ತಾತನಿಗೆ ಕಾಗದ ಬರೆಸಿ ಕೈಯ ವಿಷಯ ತಿಳಿಸಿದರು. ತಾತ ಒಳ್ಳೆಯವರು, ನಿಮ್ಮೊಬ್ಬರಿಗೆ ಕಟ್ಟಳೆ ಸಡಿಲಿಸೋಣ, ನೀವು ಹೇಳಿ, ಬೇರೆ ಯಾರಾದರೂ ಟೈಪ್ ಮಾಡಲಿ ಎಂದು ಉತ್ತರಿಸಿದರು. ಚುಕ್ಕಿ ಮೇಡಂ ಆ ಉತ್ತರವನ್ನು ಮೂರು ದಿನ ಚೀಲದಲ್ಲಿಟ್ಟುಕೊಂಡು ಓಡಾಡಿದರು. ನಾಲ್ಕನೆಯ ದಿನ ಬೇಡ ಎಂದು ತಿಳಿಸಿದರು. ಆ ಕೈಗೆ ಇನ್ನೊಂದು ಸಮ್ಮೇಳನ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಇರುವ ಒಂದರಲ್ಲಿ ತಾವೇ ಬರೆಯಬೇಕು, ತಮ್ಮ ಚುಕ್ಕಿಗಳು ಇನ್ನೂರು ಜನರೆದುರು ಓಡಬೇಕು. ಅವರಿಗೆ ಬೇಕಾದದ್ದು ಇಷ್ಟೇ.

ಪ್ರೋಗ್ರಾಮಿನಲ್ಲಿ ಇನ್ನೂರ ಹನ್ನೆರಡು ಸಾಲುಗಳಿದ್ದವು. ಮಾತ್ರೆ ನುಂಗಿದ ಕೈಯಲ್ಲೂ ಅದನ್ನು ಬರೆಯಲು ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಕೈಯನ್ನು ಉದ್ದ ಮಾಡಲು ಆಗುವುದಿಲ್ಲ, ಪ್ರೋಗ್ರಾಮನ್ನು ಗಿಡ್ಡ ಮಾಡಬಹುದು. ಕೈಗೂ ಕೊಂಚ ಸುಲಭವಾಗಲೆಂದೇ ಅವರು ಹಗುರ ಕೀಗಳ ಕೀಬೋರ್ಡ್ ಹುಡುಕಿಕೊಂಡು ಅಂಗಡಿಗೆ ಬಂದದ್ದು. ನಲವತ್ತೊಂದರಲ್ಲಿ ಒಂದನ್ನು ಒಪ್ಪಿದರು. ಅದರ ಸ್ಪ್ರಿಂಗುಗಳನ್ನೂ ಬಿಚ್ಚಿಸಿ ಇನ್ನಷ್ಟು ಹಗುರ ಮಾಡಿಸಿದರು. ಮನೆಯಲ್ಲಿ ಅಕ್ಕ ಬೈಯುತ್ತಾಳೆ, ಡಿಪೋದಲ್ಲಿ ಎಲ್ಲರೂ ಕೈಯನ್ನೇ ನೋಡುತ್ತಾರೆ ಎಂದು ದಿನಾ ಮಧ್ಯಾಹ್ನ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಅಭ್ಯಾಸ ಶುರುಮಾಡಿದರು. ಅಂಗಡಿಯವನು ಗಡಿಯಾರ ಹಿಡಿದ.

ಅವನಿಗೆ ಪ್ರೋಗ್ರಾಮಿನ ಗಂಧಗಾಳಿ ಇರಲಿಲ್ಲ. ಆದರೆ ಏನನ್ನೇ ಆಗಲಿ ಇಳಿಸುವುದು ಹೇಗೆಂದು ಗೊತ್ತಿತ್ತು. ಚುಕ್ಕಿ ಮೇಡಂಗೆ ಗೊತ್ತಿಲ್ಲದ ವಿದ್ಯೆ ಅದೊಂದೇ.

"ಈ ಸಾಲುಗಳ ಕೆಲಸ ಏನು?"

"ಒಂದೊಂದು ಚುಕ್ಕಿಗೆ ಒಂದೊಂದು ಬಣ್ಣ."

"ಕತ್ತಲಲ್ಲಿ ಎಲ್ಲಾ ಬೆಕ್ಕೂ ಕಪ್ಪೇ. ಬಿಳಿ ಸಾಕು, ತೆಗೀರಿ. ಇದು?"

"ಬಾಗಿಲು ತೆರೆಯೋದು, ಮುಚ್ಚೋದು."

"ತೆರೆದೇ ಇರ್ಲಿ. ನನ್ನ ಅಂಗಡಿ ನೋಡಿ ಕಲೀರಿ. ಇದೇನು, ಇಷ್ಟುದ್ದ?"

"ಅದು ಹೆಸರು. 'ದಾರಿ ಬಿಡುವ ಮನಸ್ಸು' ಅಂತ. ಒಂದು ಚುಕ್ಕಿ ಪಕ್ಕದವನಿಗೆ ಎಷ್ಟು ಜಾಗ ಬಿಡುತ್ತೆ ಅನ್ನೋ ಅಳತೆಗೆ ನಾನಿಟ್ಟ ಹೆಸರು."

"ಒಂದೇ ಅಕ್ಷರ ಸಾಕಾಗಲ್ವಾ?"

"ಹನ್ನೊಂದು ವರ್ಷದಿಂದ ಹಾಗೇ ಕರೀತಿದ್ದೀನಿ."

"ನಿಮ್ಮನ್ನ ಡಿಪೋದಲ್ಲಿ ಯಾರಾದ್ರೂ ಹುಟ್ಟಿದ ಹೆಸರಿಂದ ಕರೀತಾರಾ? ನೀವು ಬದುಕಿಲ್ವಾ?"

ಅವರು ನಕ್ಕರು, ನಗುತ್ತಲೇ ಆ ಹೆಸರನ್ನು ಅಳಿಸಿದರು.

ಇನ್ನೂರ ಹನ್ನೆರಡು ನೂರ ನಲವತ್ತಾಯಿತು, ಅರವತ್ತಾರಾಯಿತು. ಒಂದೊಂದು ಸಾಲು ಕಳೆಯುವಾಗಲೂ ಚುಕ್ಕಿಗಳು ಮೊದಲಿನಂತೆಯೇ ನುಗ್ಗುತ್ತವೆಯೇ ಎಂದು ನೋಡಬೇಕು. ಉಳಿದ ಸಾಲುಗಳು ಹೋದವುಗಳ ಹೊರೆಯನ್ನೂ ಹೊರಬೇಕು. ಒಂದು ಮಧ್ಯಾಹ್ನ ಒಂಬತ್ತು ಸಾಲಿನ ಕೆಲಸವನ್ನು ಅವರು ಒಂದೇ ಸಾಲಿಗೆ ಇಳಿಸಿದಾಗ ಸ್ಟೂಲಿನಿಂದ ಎದ್ದು ನಿಂತುಬಿಟ್ಟರು. "ಇದು ಹನ್ನೊಂದು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ ಕಣ್ರೀ! ಕೈ ಚೆನ್ನಾಗಿದ್ದಾಗ ಯಾಕೆ ಕಾಣ್ಲಿಲ್ಲ?" ಅಂಗಡಿಯವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಟೀ ತರಿಸಿದ. ಅವರ ಲೋಟದಲ್ಲಿ ಅರ್ಧ ಮಾತ್ರ ಹಾಕಿಸಿದ, ಚೆಲ್ಲಬಾರದೆಂದು.

ಪ್ರೋಗ್ರಾಮ್ ಮೂವತ್ತನಾಲ್ಕು ಸಾಲಿಗೆ ಬಂದು ನಿಂತಿತು. ಆದರೆ ಇಲ್ಲಿ ಸಾಲು ಕಡಿಮೆಯಾಗುತ್ತಿದ್ದಂತೆ ಅಲ್ಲಿ ಕೈಯೂ ಕಡಿಮೆಯಾಗುತ್ತಿತ್ತು. ಹೋದ ತಿಂಗಳು ಐದು ನಿಮಿಷ ಹಿಡಿಯುತ್ತಿದ್ದದ್ದು ಈ ತಿಂಗಳು ಏಳು ಹಿಡಿಯಿತು. ಸಮ್ಮೇಳನಕ್ಕೆ ಎರಡು ವಾರ ಇದ್ದಾಗ ಗಡಿಯಾರ ತೋರಿಸಿದ್ದು ಇಪ್ಪತ್ತೊಂದು ನಿಮಿಷ ಐವತ್ತು ಸೆಕೆಂಡು.

"ಇನ್ನೇನೂ ತೆಗೆಯೋಕಾಗಲ್ಲ," ಎಂದರು ಚುಕ್ಕಿ ಮೇಡಂ. "ಮೂಳೆ ಮಾತ್ರ ಉಳಿದಿದೆ."

"ಈ ಮೂರು ಸಾಲು?"

"ಅವು ಕಾವಲು."

"ಯಾರಿಗೆ ಕಾವಲು?"

ಅವರು ವಿವರಿಸಿದರು. ಪ್ರತಿ ಚುಕ್ಕಿಯೂ ಪಕ್ಕದವನು ಎಷ್ಟು ದೂರದಲ್ಲಿದ್ದಾನೆ ಎಂದು ಅಳೆದು, ಆ ದೂರದಿಂದ ಭಾಗಿಸಿ, ಎಷ್ಟು ಬಲವಾಗಿ ಸರಿಯಬೇಕೆಂದು ಲೆಕ್ಕ ಹಾಕುತ್ತದೆ. ದೂರ ಕಡಿಮೆಯಾದಷ್ಟೂ ತಳ್ಳು ಜಾಸ್ತಿ. ಆದರೆ ಪರದೆಯ ಮೂಲೆಗೆ ಒತ್ತಿಸಿಕೊಂಡ ಚುಕ್ಕಿ ಗೋಡೆ ದಾಟುವಂತಿಲ್ಲ, ಸರಿಯಾಗಿ ಮೂಲೆಯಲ್ಲೇ ನಿಲ್ಲುತ್ತದೆ. ಇನ್ನೊಂದನ್ನೂ ಗುಂಪು ಅದೇ ಮೂಲೆಗೆ ತಳ್ಳಿದರೆ ಎರಡೂ ಒಂದೇ ಜಾಗ. ದೂರ ಸೊನ್ನೆ. ಸೊನ್ನೆಯಿಂದ ಭಾಗಿಸಿದರೆ ಬರುವುದು ಸಂಖ್ಯೆಯೇ ಅಲ್ಲ. ಅಂಥ ಚುಕ್ಕಿ ಎಲ್ಲೂ ಇರುವುದಿಲ್ಲ. ಎಲ್ಲೂ ಇಲ್ಲದವನಿಂದ ತಾನೆಷ್ಟು ದೂರ ಎಂದು ಅಳೆಯಹೋದ ಉಳಿದವರೂ ಎಲ್ಲೂ ಇಲ್ಲದವರಾಗುತ್ತಾರೆ. ಹಾಗಾಗದಂತೆ ನೋಡಿಕೊಳ್ಳುವುದು ಆ ಮೂರು ಸಾಲು.

"ಹೀಗೆ ಎಷ್ಟು ಸಲ ಆಗುತ್ತೆ?"

"ನೂರಕ್ಕೆ ಒಂದು ಸಲ."

"ನೂರಕ್ಕೆ ಒಂದಾ?" ಅಂಗಡಿಯವನು ಗಡಿಯಾರ ಕೆಳಗಿಟ್ಟ. "ಮೇಡಂ, ನನ್ನ ಅಂಗಡೀಲಿ ನೂರಕ್ಕೆ ಐದು ಮಾಲು ಕೆಟ್ಟದ್ದು ಬರುತ್ತೆ, ನಾನು ಬಾಗಿಲು ಹಾಕಿದೀನಾ? ಆ ಮೂರು ಸಾಲಿದ್ರೆ ನೂರಕ್ಕೆ ನೂರು ಸಲ ಸಮಯ ಮೀರುತ್ತೆ. ಇಲ್ದಿದ್ರೆ ತೊಂಬತ್ತೊಂಬತ್ತು ಸಲ ಓಡುತ್ತೆ. ಇದರಲ್ಲಿ ಯೋಚನೆ ಮಾಡೋದೇನಿದೆ? ತೆಗೀರಿ."

"ತಪ್ಪು ಅಂತ ಗೊತ್ತಿದ್ದೂ ಬಿಡೋದಾ?"

"ತಪ್ಪಲ್ಲ, ವ್ಯಾಪಾರ."

ಅವರು ಅಂದು ಎದ್ದುಹೋದರು. ಎರಡು ದಿನ ಬರಲಿಲ್ಲ. ಮನೆಯಲ್ಲಿ ಮುನ್ನೂರು ಸಲ ಓಡಿಸಿ ನೋಡಿದರಂತೆ. ಮೂರು ಸಲ ಬಿತ್ತಂತೆ. ಮೂರನೆಯ ದಿನ ಬಂದು ಮೂವತ್ತೊಂದು ಸಾಲು ಬರೆದರು. ಹತ್ತೊಂಬತ್ತು ನಿಮಿಷ ಇಪ್ಪತ್ತು ಸೆಕೆಂಡು. ಅಂಗಡಿಯವನು ಚಪ್ಪಾಳೆ ಹೊಡೆದ. ಅವರು ಹೊಡೆಯಲಿಲ್ಲ, ಹೊಡೆಯುವ ಕೈಯೂ ಅದಾಗಿರಲಿಲ್ಲ.

ಸಮ್ಮೇಳನದ ದಿನ ಅಕ್ಕ ಹೊಸ ದಾರ ಹಾಕಿ ಭದ್ರಪಡಿಸಿದ ಕೋಟು ತೊಡಿಸಿದಳು. ಅಕ್ಕ, ತಂಗಿ, ಅಂಗಡಿಯವನು ಮೂವರೂ ಬಸ್ಸಿನಲ್ಲಿ ಹೋದರು. ಈಜುಕೊಳದ ಇಳಿಜಾರಿನಲ್ಲಿ ಕೆಳಗಿಳಿಯುವಾಗ ಅಕ್ಕ ಗೋಡೆಯ ಮೇಲಿನ ಆಳದ ಅಂಕಿಗಳನ್ನು ಗಟ್ಟಿಯಾಗಿ ಓದಿದಳು.

"ಹನ್ನೆರಡು ಅಡಿಯಂತೆ. ನೀರಿದ್ದಿದ್ರೆ ಇಷ್ಟೊತ್ತಿಗೆ ಮುಳುಗ್ತಿದ್ವಿ."

"ಇನ್ನೂ ಟೈಮಿದೆ ಬಿಡಕ್ಕಾ," ಎಂದರು ತಂಗಿ.

ಮಾತ್ರೆಯ ಲೆಕ್ಕ ಮೊದಲೇ ಹಾಕಿಕೊಂಡಿದ್ದರು. ಅವರ ಸರದಿ ಹನ್ನೊಂದೂವರೆಗೆ, ಹನ್ನೊಂದಕ್ಕೆ ಮಾತ್ರೆ. ಹನ್ನೊಂದೂವರೆಯಿಂದ ಹನ್ನೆರಡೂ ಹತ್ತರವರೆಗೆ ಕೈ ಅವರದು. ಬೇಕಾದದ್ದರ ಎರಡರಷ್ಟು. ಹನ್ನೊಂದಕ್ಕೆ ಸರಿಯಾಗಿ ನುಂಗಿದರು.

ಅವರಿಗಿಂತ ಮೊದಲು ದಂತವೈದ್ಯ. ಅವನು ಮೊದಲೇ ಹೇಳಿದ ಹಲ್ಲಿನ ಸಂಗೀತದವನು, ಎರಡನೆಯ ಸಲ ಬಂದಿದ್ದ. ಹದಿನೆಂಟೇ ನಿಮಿಷದಲ್ಲಿ ಬರೆದು ಓಡಿಸಿದ. ಒಂದು ಬಾಚಿಹಲ್ಲು ಕೊಳಲಿನಂತೆ ಊದಿತು, ಹುಳುಕು ಹಲ್ಲೊಂದು ತಾಳ ತಪ್ಪಿಸಿತು, ಇನ್ನೂರು ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಪ್ರಶ್ನೆಗಳು. ಯಾರೋ ತಮ್ಮದೇ ಎಕ್ಸ್‌ರೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು, ಅದನ್ನೂ ಊದಿಸಬೇಕಂತೆ. ಗಂಟೆ ತಾತನೇ ನಗುತ್ತ ಗಂಟೆಯನ್ನು ಮರೆತರು. ಚುಕ್ಕಿ ಮೇಡಂ ಮೊದಲ ಕುರ್ಚಿಯಲ್ಲಿ ಕೂತು ಎಲ್ಲರ ಜೊತೆ ನಕ್ಕರು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಹನ್ನೊಂದೂವರೆಯಾಯಿತು, ಮುಕ್ಕಾಲಾಯಿತು. ಹನ್ನೊಂದೂ ಐವತ್ತೈದಕ್ಕೆ ತಾತ ಅವರ ಹೆಸರು ಕರೆದರು. ನಲವತ್ತು ನಿಮಿಷದಲ್ಲಿ ಉಳಿದದ್ದು ಹದಿನೈದು.

"ಅವರಿಗೆ ಹೇಳೇ, ನಾಳೆ ಕೊಡಿ ಅಂತ," ಎಂದಳು ಅಕ್ಕ.

"ನಾಳೆ ಬೇರೆಯವರಿದ್ದಾರೆ," ಎಂದು ಎದ್ದರು.

ಖಾಲಿ ಪರದೆ. ಟೈಲ್ಸಿನ ಗೋಡೆಗಳಲ್ಲಿ ಒಂದೊಂದು ಕೀಯ ಸದ್ದೂ ಕೇಳುತ್ತಿತ್ತು. ಉಳಿದ ಭಾಷಣಕಾರರು ಬರೆಯುತ್ತ ಬರೆಯುತ್ತ ಹರಟುತ್ತಾರೆ, ಅವರು ಒಂದೇ ಮಾತು ಆಡಿದರು: "ನಾನು ಮಾತಾಡಿದ್ರೆ ಕೈ ನಿಲ್ಲುತ್ತೆ, ಕ್ಷಮಿಸಿ." ಮೊದಲ ಹತ್ತು ನಿಮಿಷ ಅಂಗಡಿಯಲ್ಲಿ ಹೇಗೋ ಹಾಗೇ ನಡೆಯಿತು, ಅಂಗಡಿಯವನ ಗಡಿಯಾರದ ಪ್ರಕಾರ ಎಂಟು ಸೆಕೆಂಡು ಮುಂದೆಯೇ ಇದ್ದರು. ಹದಿನೈದನೆಯ ನಿಮಿಷದಲ್ಲಿ, ಇಪ್ಪತ್ತನಾಲ್ಕನೆಯ ಸಾಲಿನಲ್ಲಿ, ಒಂದು ಅಕ್ಷರ ನಾಲ್ಕಾಗಿ ಬಿತ್ತು. ಅಳಿಸಿದರು. ಅಳಿಸುವ ಕೀಯೂ ನಾಲ್ಕು ಸಲ ಒತ್ತಿಕೊಂಡು ಬೇಕಾದದ್ದನ್ನೂ ಅಳಿಸಿತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಮೇಜಿಗೆ ಅದುಮಿ ಹಿಡಿದು, ತೋರುಬೆರಳೊಂದರಿಂದಲೇ, ಮೊಳೆ ಹೊಡೆಯುವವರಂತೆ ಒಂದೊಂದೇ ಅಕ್ಷರ ಹೊಡೆದರು. ಅಕ್ಕ ಜಿಗಿಯುವ ಹಲಗೆಯನ್ನೇ ನೋಡುತ್ತ ಕೂತಿದ್ದಳು.

ಮೂವತ್ತೊಂದನೆಯ ಸಾಲು ಮುಗಿದಾಗ ಇಪ್ಪತ್ತು ನಿಮಿಷಕ್ಕೆ ಹನ್ನೆರಡು ಸೆಕೆಂಡು ಬಾಕಿ. ಕಾವಲಿನ ಮೂರು ಸಾಲು ಇದ್ದಿದ್ದರೆ ಮುಗಿಯುತ್ತಲೇ ಇರಲಿಲ್ಲ. ಗೆಣ್ಣಿನಿಂದ ಗುದ್ದಿ ಓಡಿಸಿದರು.

ಚುಕ್ಕಿಗಳು ಬಂದವು. ನೂರಿಪ್ಪತ್ತು ಬಿಳಿ ಚುಕ್ಕಿಗಳು ಬಾಗಿಲಿಗೆ ನುಗ್ಗಿದವು, ಸಿಕ್ಕಿಕೊಂಡವು, ತಡೆದು ನಿಂತವು. ಒಂದು ಹಿಂದಕ್ಕೆ ಸರಿದು, ಯೋಚನೆ ಮಾಡಿದಂತೆ ನಿಂತು, ಸುತ್ತುಹಾಕಿ ಪಕ್ಕದಿಂದ ನುಸುಳಿತು. ಮೊದಲು ಒಬ್ಬರು ನಕ್ಕರು, ಆಮೇಲೆ ಕೊಳವೇ ನಕ್ಕಿತು. "ಏ, ಆ ಮುದುಕಪ್ಪನಿಗೆ ದಾರಿ ಬಿಡ್ರೋ!" ಎಂದು ಹಿಂದಿನಿಂದ ಯಾರೋ ಒಂದು ಚುಕ್ಕಿಯ ಪರವಾಗಿ ಕೂಗಿದರು. ಅಕ್ಕ ಅಂಗಡಿಯವನ ತೋಳು ಹಿಡಿದಳು. "ಅಲ್ಲಿ ನೋಡಿ, ಎಲ್ಲರನ್ನೂ ಮೊಣಕೈಯಲ್ಲಿ ತಿವೀತಾಳಲ್ಲ, ಅವಳು ಥೇಟ್ ನಮ್ಮ ಎದುರು ಮನೆಯವಳು!" ಹನ್ನೊಂದು ವರ್ಷದಲ್ಲಿ ಅಕ್ಕ ಆ ಚುಕ್ಕಿಗಳನ್ನು ನಿಂತು ನೋಡಿದ್ದು ಅದೇ ಮೊದಲು.

ಮೇಲಿನ ಬಲಮೂಲೆಗೆ ಒಂದು ಚುಕ್ಕಿ ಒತ್ತರಿಸಿಕೊಂಡು ಹೋಗಿ ನಿಂತಿತು. ಇನ್ನೊಂದು ಅದರ ಹಿಂದೆಯೇ ಹೋಯಿತು. ಚುಕ್ಕಿ ಮೇಡಂ ಅದನ್ನು ಎಲ್ಲರಿಗಿಂತ ಮೊದಲು ನೋಡಿದರು; ಕುರ್ಚಿಯಿಂದ ಅರ್ಧ ಎದ್ದರು, ತಡೆಯುವವರ ಹಾಗೆ. ಮೊದಲು ಆ ಎರಡು ಹೋದವು. ಮರುಕ್ಷಣ ಎಲ್ಲವೂ ಹೋದವು. ಕಪ್ಪು ಪರದೆ, ಬಲಕ್ಕೊಂದು ತೆರೆದ ಬಾಗಿಲು, ಯಾರೂ ಇಲ್ಲ.

ಓಡಿದ್ದು ಹನ್ನೊಂದು ಸೆಕೆಂಡು. ತಾತ ಗಂಟೆ ಬಾರಿಸಿದರು.

ಇನ್ನೂರು ಜನರಲ್ಲಿ ಅರ್ಧದಷ್ಟು ಮಂದಿಯ ಬಾಯಿಂದ ಮಾತ್ರ ಕೂಗು ಬಂತು, ಅದೂ ಮೆಲ್ಲಗೆ: "ಎಷ್ಟನೇ ಸಾಲು?"

"ಇಲ್ಲಿ ಇಲ್ಲದ ಸಾಲು," ಎಂದರು ಚುಕ್ಕಿ ಮೇಡಂ. "ಇಪ್ಪತ್ತೊಂದನೆಯದರ ಕೆಳಗೆ ಮೂರು ಸಾಲು ಇರಬೇಕಿತ್ತು. ದೂರ ಸೊನ್ನೆ ಆದ್ರೆ ನೋಡ್ಕೊಳ್ಳೋಕೆ."

ಗಂಟೆ ತಾತ ಗಂಟೆಯನ್ನು ಮೇಜಿನ ಮೇಲಿಟ್ಟು ಹತ್ತಿರ ಬಂದರು. "ತಡ ಆಗಿದ್ದು ನಮ್ಮಿಂದಮ್ಮ. ಇನ್ನೊಂದು ಸಲ ಓಡಿಸಿ. ಯಾರೂ ಬೇಡ ಅನ್ನಲ್ಲ." ಕೊಳದ ಎಲ್ಲ ಕಡೆಯಿಂದ "ಓಡಿಸಿ, ಓಡಿಸಿ" ಎಂಬ ದನಿ ಬಂತು. ಇನ್ನೊಂದು ಸಲ ಗುದ್ದಿದ್ದರೆ ಓಡುತ್ತಿತ್ತು. ನೂರಕ್ಕೆ ತೊಂಬತ್ತೊಂಬತ್ತು ಸಲ ಓಡುವಂಥದ್ದು. ಅವರು ಕೀಬೋರ್ಡಿನ ಕಡೆ ಕೈ ಚಾಚಿದರು. ಕೈ ಅಷ್ಟುಹೊತ್ತಿಗೆ ಗಾಳಿಗೆ ಸಿಕ್ಕ ಬಟ್ಟೆಯಂತಾಗಿತ್ತು. ಅವರು ಅದನ್ನು ನೋಡಿ, ವಾಪಸ್ ತೆಗೆದುಕೊಂಡು, ಕೋಟಿನ ಜೇಬಿನಲ್ಲಿಟ್ಟರು.

"ಬೇಡ ತಾತ. ಓಡಿದ್ರೂ ಇದು ಸರಿಯಾದ ಪ್ರೋಗ್ರಾಮ್ ಅಲ್ಲ. ಸರಿಯಾದದ್ದಕ್ಕೆ ಮೂವತ್ತನಾಲ್ಕು ಸಾಲು ಬೇಕು. ಅದನ್ನ ನನ್ನ ಕೈ ಬರೀಲಾರದು."

ತಾತ ದಪ್ಪ ಪುಸ್ತಕ ತೆರೆದರು, ಪೆನ್ನು ಹಿಡಿದರು. "ಗೊತ್ತಿದ್ದೂ ತೆಗೆದ್ರಾ? ಯಾರಾದ್ರೂ ಹೇಳಿದ್ರಾ?"

"ಇಲ್ಲ. ತೀರ್ಮಾನ ನನ್ನದೇ."

ತಾತ ಹಾಗೇ ಬರೆದುಕೊಂಡರು. ಆರನೆಯ ಕುರ್ಚಿಯಲ್ಲಿ ಅಂಗಡಿಯವನು ಗಡಿಯಾರ ಹಿಡಿದು ಕೂತಿದ್ದ. ಅವನ ಪಕ್ಕದ ಅಕ್ಕ ಅವನ ಕಡೆ ತಿರುಗಲಿಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ. ಆಮೇಲೆ ಅಣ್ಣತಮ್ಮಂದಿರ ಚದುರಂಗ ಬಂತು, ಜನ ಮತ್ತೆ ನಕ್ಕರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಒಂದೇ ಮಾತು ಕೇಳಿದಳು. "ಮುಂದಿನ ವರ್ಷ ಇನ್ನೂ ಚಿಕ್ಕದು ಮಾಡೋಕಾಗಲ್ವೇನೇ?"

"ಇಪ್ಪತ್ತು ಸಾಲಿಗೆ ಇಳಿಸಬಹುದು ಅಕ್ಕಾ. ಅಷ್ಟೊತ್ತಿಗೆ ಕೈ ಹತ್ತಕ್ಕೆ ಇಳಿದಿರುತ್ತೆ."

ಅದು ಸರಿಯಾದ ಲೆಕ್ಕವೇ. ವರ್ಷ ತುಂಬುವ ಮೊದಲೇ ಕಾಯಿಲೆ ಎಡಗೈಗೂ ಬಂತು. ಈಗ ಅವರು ಕೆಳಗಿನ ಕೌಂಟರಿನಲ್ಲಿ ಕೂರುತ್ತಾರೆ. ಕೊಡೆ ಹುಡುಕಿ ಬಂದವರಿಗೆ ಬಾಯಲ್ಲೇ ಜಾಗ ಹೇಳುತ್ತಾರೆ, ಅವರೇ ಎತ್ತಿಕೊಳ್ಳಬೇಕು. ಬರೆಯುವುದು ನಿಂತಿದೆ. ಮೊದಮೊದಲು ತಲೆಯೊಳಗೇ ಬರೆಯುತ್ತಿದ್ದರಂತೆ, ಈಗ ಅದೂ ಇಲ್ಲ, ಓಡಿಸಿ ನೋಡದ ಪ್ರೋಗ್ರಾಮಿಗೆ ನಗು ಬರುವುದಿಲ್ಲ ಎಂದು ಒಮ್ಮೆ ಹೇಳಿದರು. ಯಾರನ್ನೂ ದೂರಲಿಲ್ಲ. ಅಂಗಡಿಯ ವ್ಯಾಪಾರ ಹೇಗಿದೆ ಎಂದು ಕೇಳಿದರು.

ಗಂಟೆ ತಾತನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ತೀರ್ಮಾನ ಸ್ವಂತದ್ದು' ಎಂದಿದೆ. ಅದು ನಿಜವಲ್ಲ. ಆ ಮೂರು ಸಾಲು ತೆಗೆಯಿರಿ ಎಂದವನು ನಾನು. ಅಂದು ಈಜುಕೊಳದಲ್ಲಿ ಎದ್ದು ನಿಂತು, ಇನ್ನೂರು ಜನರೆದುರು, ಅದನ್ನು ಹೇಳಬೇಕಿತ್ತು. ನಾನು ಕೂತೇ ಇದ್ದೆ. ಚುಕ್ಕಿ ಮೇಡಂಗೆ ಆ ಒಂದು ಮಾತಿನ ಬಾಕಿಯನ್ನು ನಾನು ಇನ್ನೂ ತೀರಿಸಬೇಕಾಗಿದೆ.